ಸಂಪಾದಕಿ ಒಬ್ಬರು, ಒಡೆಯ ಇನ್ನೊಬ್ಬರು

ಮಾನೇಸರಿನ ನನ್ನ ಬಾಡಿಗೆ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಿದೆ. ಅಪ್ಪ ಕೂಡಿಟ್ಟಿದ್ದ ‘ಲಂಕೇಶ್ ಪತ್ರಿಕೆ’ಗಳು. ಎಂಬತ್ತರ ದಶಕದವು ಒಂದು ಕಂತೆ, 2000ದ ನಂತರದವು ಇನ್ನೊಂದು. ಕಳೆದ ಸಲ ಊರಿಗೆ ಹೋದಾಗ ರೈಲಿನಲ್ಲಿ ಹೊತ್ತು ತಂದೆ. ಶಿಫ್ಟ್ ಮುಗಿಸಿ ಬಂದ ರಾತ್ರಿಗಳಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದ್ದೇನೆ. ಹೆಸರು ಒಂದೇ, ಓದುವಾಗ ಮಾತ್ರ ಒಂದೇ ಪತ್ರಿಕೆ ಅನ್ನಿಸುವುದಿಲ್ಲ.

‘ಲಂಕೇಶರ ಜೊತೆಗೇ ಪತ್ರಿಕೆಯೂ ಹೋಯ್ತು’ ಅನ್ನುವುದು ಸುಲಭದ ವಿವರಣೆ. ನಾನೂ ಹಾಗೇ ಹೇಳಿಕೊಂಡು ತಿರುಗಿದವನು. ಈಗ ಅದು ಸಾಲದು ಅನ್ನಿಸುತ್ತಿದೆ.

1980ರ ಜುಲೈನಲ್ಲಿ ಶುರುವಾದ ಆ ವಾರಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಒಡೆಯ, ಸಂಪಾದಕ, ಮುಖ್ಯ ಲೇಖಕ ಮೂವರೂ ಒಬ್ಬರೇ. ಹಣ ಓದುಗನ ಜೇಬಿನದು. ಹಾಗಾಗಿಯೇ ಮಂತ್ರಿಯ ಜಾತಕ ಬಿಡಿಸುವ ವರದಿಯ ಹಿಂದೆಯೇ ತೇಜಸ್ವಿ, ವೈದೇಹಿ, ‘ನೀಲು’ ಬರಲು ಸಾಧ್ಯವಾಯಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಧಾರಾವಾಹಿಯಾಗಿ ಬರೆದದ್ದು ಇಲ್ಲೇ. ಈಚೆಗೆ ಬೂಕರ್ ಪಡೆದ ಬಾನು ಮುಷ್ತಾಕ್ ಇದಕ್ಕೆ ವರದಿ ಮಾಡಿದವರು. ರಾಜಕೀಯದ ಪತ್ರಿಕೆಯಲ್ಲಿ ಇಷ್ಟು ಸಾಹಿತ್ಯ ಯಾಕೆ ಎಂದು ಕೇಳುವ ಮೇಲಿನವರೇ ಅಲ್ಲಿ ಇರಲಿಲ್ಲ.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡಾಗ ಗೌರಿ ನಮ್ಮ ಪಕ್ಕದಲ್ಲೇ, ದೆಹಲಿಯಲ್ಲಿ, ಈಟಿವಿ ತೆಲುಗು ವಾಹಿನಿಯಲ್ಲಿದ್ದರು. ಅಲ್ಲಿಯವರೆಗೆ ಬಹುಪಾಲು ಇಂಗ್ಲಿಷಿನಲ್ಲೇ ಬರೆದವರು. ಪತ್ರಿಕೆ ನಿಲ್ಲಿಸಿಬಿಡುವ ಯೋಚನೆ ಮಕ್ಕಳಿಗಿತ್ತಂತೆ. ‘ಸಂಜೆವಾಣಿ’ಯ ಮಣಿ ಅವರೇ ಬೇಡವೆಂದರಂತೆ. ಗೌರಿ ಸಂಪಾದಕಿಯಾದರು, ತಮ್ಮ ಇಂದ್ರಜಿತ್ ಪ್ರಕಾಶನ, ವ್ಯವಹಾರ ನೋಡಿಕೊಂಡರು. ಅಪ್ಪನಲ್ಲಿ ಒಂದಾಗಿದ್ದದ್ದು ಹೀಗೆ ಇಬ್ಬರ ಪಾಲಾಯಿತು. ಮಾಲೀಕತ್ವ ಬದಲಾಯಿತೆಂದು ಯಾರೂ ಆಗ ಗಮನಿಸಲಿಲ್ಲ, ಯಾಕೆಂದರೆ ಮಾರಾಟ ಆಗಿರಲಿಲ್ಲ. 2006ರಲ್ಲಿ ‘ವಿಜಯ ಕರ್ನಾಟಕ’ ಸಂಕೇಶ್ವರರ ಕೈಯಿಂದ ಟೈಮ್ಸ್ ಸಮೂಹಕ್ಕೆ ಹೋದಾಗ ಊರಿಗೆಲ್ಲ ಗೊತ್ತಾಯಿತು.

ಬಿರುಕು ಕಂಡದ್ದು 2005ರ ಫೆಬ್ರವರಿಯಲ್ಲಿ. ನಕ್ಸಲರು ಪೊಲೀಸರ ಮೇಲೆ ನಡೆಸಿದ ದಾಳಿಯ ಬಗ್ಗೆ ಒಂದು ವರದಿ. ಅದು ನಕ್ಸಲರ ಪರ ಇದೆ ಎಂದು ಇಂದ್ರಜಿತ್ ತಡೆದರು. ಪೊಲೀಸ್ ದೂರು, ಪ್ರತಿದೂರು, ಪತ್ರಿಕಾಗೋಷ್ಠಿ ಎಲ್ಲ ಆಯಿತು. ವರದಿಯ ಗುಣ ಏನೇ ಇರಲಿ, ನನಗೆ ಮುಖ್ಯವಾಗುವುದು ಬೇರೆ: ಒಂದು ಬರಹ ಅಚ್ಚಾಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಸಂಪಾದಕಿಯ ಮೇಜಿನಾಚೆ ಉತ್ತರ ಸಿಕ್ಕಿತು. ಇಪ್ಪತ್ತು ವರ್ಷ ಆ ಮೇಜಿನಾಚೆ ಏನೂ ಇರಲಿಲ್ಲ.

ಗೌರಿ ಹೊರಬಂದು ತಮ್ಮ ಹೆಸರಿನದೇ ವಾರಪತ್ರಿಕೆ ತಂದರು. ನಿಜ ಹೇಳಬೇಕೆಂದರೆ, ಅದರಲ್ಲಿ ನನಗೆ ಸಿಕ್ಕ ಸಾಹಿತ್ಯ ತೀರ ಕಡಿಮೆ. ಅವರ ‘ಕಂಡ ಹಾಗೆ’ ಅಂಕಣದಲ್ಲಿ ಅಪ್ಪನ ‘ಟೀಕೆ ಟಿಪ್ಪಣಿ’ಯ ಕೊಂಕು, ತನ್ನನ್ನೇ ಅನುಮಾನಿಸುವ ಗುಣ ಇಲ್ಲ. ವಾಕ್ಯ ನೇರ, ಕೆಲವೊಮ್ಮೆ ಭಾಷಣದಷ್ಟು ನೇರ. ಆದರೆ ಒಡೆತನ ಮತ್ತೆ ಬರೆಯುವ ಕೈಗೇ ಬಂದಿತ್ತು, ಅದರ ಅಪಾಯವೂ. 2016ರ ನವೆಂಬರಿನಲ್ಲಿ ಮಾನಹಾನಿ ಪ್ರಕರಣದಲ್ಲಿ ಶಿಕ್ಷೆಯಾದಾಗಲೂ ದನಿ ತಗ್ಗಲಿಲ್ಲ. 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲೇ ಕೊಂದರು. ಶೈಲಿಯ ಬಗ್ಗೆ ನಾನು ಎತ್ತುವ ತಕರಾರು ಆ ದಿನಾಂಕದ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ; ಆದರೂ ತಕರಾರನ್ನು ಹಿಂತೆಗೆದುಕೊಳ್ಳಲಾರೆ.

ಇನ್ನೊಂದು ಮಾತು. ಅಪ್ಪನ ಎರಡನೇ ಕಂತೆ 2003ಕ್ಕೇ ನಿಲ್ಲುತ್ತದೆ, ಜಗಳಕ್ಕೆ ಎರಡು ವರ್ಷ ಮುಂಚೆ. ಯಾಕೆಂದು ಫೋನಿನಲ್ಲಿ ಕೇಳಿದೆ. ‘ಓದೋ ಪುಟ ಕಡಿಮೆ ಆದ್ವು ಕಣೋ, ಬಿಟ್ಟೆ’ ಅಂದರು. ಜಾಹೀರಾತಿಲ್ಲದ ಪತ್ರಿಕೆಯಲ್ಲಿ ಅಪ್ಪನೂ ಒಬ್ಬ ಪಾಲುದಾರ. ಯಾರಿಗೂ ಹೇಳದೆ ತನ್ನ ಪಾಲು ಹಿಂದಕ್ಕೆ ಪಡೆದಿದ್ದರು. ನಾನಂತೂ ಉತ್ತರಕ್ಕೆ ಬಂದ ಮೇಲೆ ಗೌರಿಯ ಪತ್ರಿಕೆಗೆ ಒಂದು ವರ್ಷವೂ ಚಂದಾ ಕಟ್ಟಲಿಲ್ಲ. ಮೊದಲ ಸಲ ದುಡ್ಡು ಕೊಟ್ಟು ತರಿಸಿದ್ದು, ಅವರು ಹೋದ ಮೇಲೆ ಬಂದ ‘ನಾನು ಗೌರಿ’ ವಿಶೇಷ ಸಂಚಿಕೆಯನ್ನು.