ಹಳ್ಳಿಯ ತಲೆಯೆಣಿಕೆ: ಒಂದು ಸಾಲನ್ನು ಓದುವ ಬಗೆ

ನಿಮ್ಮ ಊರಿನ ಜನಸಂಖ್ಯೆ ಎಷ್ಟು? ಊರಿನ ಪರಿಚಯ ಬರೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ 2011ರ ಜಿಲ್ಲಾ ಜನಗಣತಿ ಕೈಪಿಡಿಯ ಒಂದು ಸಾಲನ್ನು ನಕಲು ಮಾಡುತ್ತಾರೆ: ಕುಟುಂಬಗಳು, ಗಂಡಸರು, ಹೆಂಗಸರು, 0-6 ವರ್ಷದ ಮಕ್ಕಳು, ಸಾಕ್ಷರರು, ದುಡಿಯುವವರು. ಅನಂತರ ರಾಜ್ಯದ ಸರಾಸರಿಯೊಂದಿಗೆ ಹೋಲಿಸಿ, ಊರು ‘ಮುಂದುವರಿದಿದೆ’ ಅಥವಾ ‘ಹಿಂದುಳಿದಿದೆ’ ಎಂದು ತೀರ್ಪು ಕೊಡುತ್ತಾರೆ. ಕೈಪಿಡಿ ಉಪಯುಕ್ತವಾದದ್ದೇ. ದೋಷವಿರುವುದು ಈ ತೀರ್ಪಿನಲ್ಲಿ.

ಮೊದಲು ಲಿಂಗಾನುಪಾತವನ್ನು ನೋಡೋಣ. ಊರಿನಲ್ಲಿ 0-6 ವಯಸ್ಸಿನ 40 ಮಕ್ಕಳಿದ್ದಾರೆ ಎನ್ನಿ. 20 ಗಂಡು, 20 ಹೆಣ್ಣು ಇದ್ದರೆ ಅನುಪಾತ 1000. 22 ಗಂಡು, 18 ಹೆಣ್ಣು ಇದ್ದರೆ 818! ರಾಜ್ಯದ ಅಂಕಿ 948. ಹಾಗಾದರೆ ಈ ಊರು ತಪ್ಪಿತಸ್ಥವೇ? ತರಗತಿಯಲ್ಲಿ ಒಂದು ನಾಣ್ಯವನ್ನು 40 ಬಾರಿ ಚಿಮ್ಮಿಸಿ. ಇದನ್ನೇ ಮತ್ತೆ ಮತ್ತೆ ಮಾಡಿದರೆ, ಹತ್ತರಲ್ಲಿ ಸುಮಾರು ಆರು ಸಲ 22-18 ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಬರುತ್ತದೆ. ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕದ ಪಾತ್ರ ಇಷ್ಟು ದೊಡ್ಡದು. ಆದರೆ ಇಡೀ ದೇಶದ ಕೋಟ್ಯಂತರ ಮಕ್ಕಳಲ್ಲಿ ಅನುಪಾತ 919 ಎಂದರೆ ಅದು ಆಕಸ್ಮಿಕವಲ್ಲ. ಹೆಣ್ಣು ಭ್ರೂಣಹತ್ಯೆಯ ಗುರುತು. ಆ ಪ್ರಶ್ನೆಯನ್ನು ಹಳ್ಳಿಯ ಸಾಲಿಗಲ್ಲ, ತಾಲ್ಲೂಕು, ಜಿಲ್ಲೆಗಳ ಮೊತ್ತಕ್ಕೆ ಕೇಳಬೇಕು.

ಹೆಚ್ಚಿನ ಅನುಪಾತವೂ ಸದಾ ಶುಭಸೂಚಕವಲ್ಲ. 2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರನ್ನು ಅವರು ಇದ್ದ ಕಡೆಯೇ ಎಣಿಸಬೇಕೆಂಬುದು ನಿಯಮ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋದವರು ತಮ್ಮ ಊರಿನ ಲೆಕ್ಕದಲ್ಲಿಲ್ಲ. ಉಡುಪಿ ಜಿಲ್ಲೆಯ 1094 ಎಂಬ ಅನುಪಾತದ ಹಿಂದೆ ಮುಂಬಯಿ, ಗಲ್ಫ್ ದೇಶಗಳಿಗೆ ದುಡಿಯಲು ಹೋದ ಗಂಡಸರೂ ಇದ್ದಾರೆ.

ಸಾಕ್ಷರತೆಯಲ್ಲಿ ಛೇದದ ತಪ್ಪು ಸಾಮಾನ್ಯ. 800 ಜನ, ಅವರಲ್ಲಿ 0-6 ವರ್ಷದವರು 100, ಸಾಕ್ಷರರು 490 ಎಂದಿರಲಿ. 490ನ್ನು 800ರಿಂದ ಭಾಗಿಸಿದರೆ ಶೇಕಡ 61. ಆದರೆ ಸಾಕ್ಷರತೆಯ ದರವನ್ನು 7 ವರ್ಷ ಮೇಲ್ಪಟ್ಟವರಿಗೆ ಮಾತ್ರ ಲೆಕ್ಕ ಹಾಕುವುದರಿಂದ ಸರಿಯಾದ ಉತ್ತರ ಶೇಕಡ 70.

ಇನ್ನು ಸಾಲಿನಲ್ಲಿ ಇಲ್ಲದ್ದನ್ನು ಗಮನಿಸಿ. ಹಳ್ಳಿಯ ಮಟ್ಟದಲ್ಲಿ 0-6 ಬಿಟ್ಟರೆ ಬೇರೆ ವಯೋಗುಂಪಿನ ಅಂಕಿ ಇಲ್ಲ. ಊರಿನಲ್ಲಿ ಮುದುಕರೆಷ್ಟು, ಯುವಕರೆಷ್ಟು ತಿಳಿಯದು. ಕಂದಾಯ ಗ್ರಾಮವೇ ಇಲ್ಲಿ ‘ಹಳ್ಳಿ’ಯಾದ್ದರಿಂದ, ಅದಕ್ಕೆ ಸೇರಿದ ತಾಂಡಾ, ಹಟ್ಟಿಗಳು ಒಟ್ಟು ಮೊತ್ತದಲ್ಲಿ ಕರಗಿಹೋಗುತ್ತವೆ.

ಎಲ್ಲಕ್ಕಿಂತ ಗಂಭೀರವಾದದ್ದು ಅಂಕಿಯ ವಯಸ್ಸು. 2021ರ ಗಣತಿ ಕೋವಿಡ್‌ನಿಂದ ಮುಂದೂಡಲ್ಪಟ್ಟಿತು. ಮುಂದಿನದಕ್ಕೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1 ಗಣನೆಯ ದಿನ. 2011ರಲ್ಲಿ ‘0-6’ ಅಂಕಣದಲ್ಲಿದ್ದ ಕೂಸು ಈಗ ಹೈಸ್ಕೂಲನ್ನೋ ಕಾಲೇಜನ್ನೋ ಮುಟ್ಟಿದೆ. ಅಂಗನವಾಡಿ ಬೇಕೋ ಬೇಡವೋ ಎಂದು ಆ ಅಂಕಿಯಿಂದ ನಿರ್ಧರಿಸಿದರೆ ನಷ್ಟ ಇಂದಿನ ಕೂಸಿಗೆ.

ಶಿಕ್ಷಕರೇ, ನಕಲು ಮಾಡಿಸುವ ಬದಲು ಎಣಿಸಲು ಹೇಳಿ. ಒಂದು ಕೇರಿಯ ಮನೆಗಳಿಗೆ ಹೋಗಿ, ಹೆಸರು ಕೇಳದೆ, ವಯಸ್ಸು, ಗಂಡು-ಹೆಣ್ಣು, ದುಡಿಯಲು ಹೊರಗೆ ಹೋದವರು ಇಷ್ಟನ್ನೇ ಗುರುತು ಹಾಕಿಕೊಳ್ಳಲಿ. ಐದೈದು ವರ್ಷದ ಗುಂಪು ಮಾಡಿ ಸ್ತಂಭಚಿತ್ರ ಬರೆಯಲಿ. ಕೈಪಿಡಿಯ ಸಾಲು ಮತ್ತು ತಮ್ಮ ಚಿತ್ರ ಏಕೆ ಬೇರೆ ಎಂದು ವಿದ್ಯಾರ್ಥಿಗಳು ಕೇಳಿದಾಗ ಅವರ ನಿಜವಾದ ಯೋಜನೆ ಆರಂಭವಾಗುತ್ತದೆ.