ಪಕ್ಕದಲ್ಲಿ ಓಡುವವನ ಲೆಕ್ಕ

ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಜೀವ ಹಿಂಡುವ ಜಾಗ ಯಾವುದು ಎಂದು ಓಡಿದವರನ್ನು ಕೇಳಿದರೆ ಬಹಳಷ್ಟು ಜನ ಮೂವತ್ತೈದನೇ ಕಿಲೋಮೀಟರ್ ಎನ್ನುತ್ತಾರೆ. ನನ್ನ ಪ್ರಕಾರ ಅದು ಇಪ್ಪತ್ತೊಂದು. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಆಸುಪಾಸಿನ ನಾಲೆ ಏರಿಯ ಮೇಲೆ, ಗದ್ದೆ ಬದಿಯಲ್ಲಿ ಹೋಗಿಬರುವ ಓಟ ಇದು. ಹಾಫ್ ಓಡುವವರು ಒಂದು ಸಲ ಹೋಗಿಬಂದರೆ ಮುಗಿಯಿತು. ಫುಲ್‌ನವರು ಅದೇ ದಾರಿಯನ್ನು ಇನ್ನೊಂದು ಸಲ ತುಳಿಯಬೇಕು. ಅಂದರೆ ಅರ್ಧ ಓಡಿ ಸುಸ್ತಾದವನು ಬಂದು ನಿಲ್ಲುವುದು ನೇರವಾಗಿ ಮುಕ್ತಾಯದ ಗೆರೆಯ ಮುಂದೆ. ಅಲ್ಲಿ ಜನ ಪದಕ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ನೆರಳಲ್ಲಿ ಕಾಲು ಚಾಚಿ ಕೂತು ತಿಂಡಿ ತಿನ್ನುತ್ತಿರುತ್ತಾರೆ. ಬಿಸಿಲು ಆಗಷ್ಟೇ ಏರುತ್ತಿರುತ್ತದೆ. ಇಷ್ಟನ್ನೂ ಕಣ್ಣಾರೆ ಕಂಡು, ಬೆನ್ನು ತಿರುಗಿಸಿ, ಮತ್ತೆ ಅದೇ ಏರಿಗೆ ಹೋಗಬೇಕು.

ಗೆಳೆಯನೊಬ್ಬ ಜೊತೆಗಿರಲಿ ಅನ್ನಿಸುವುದು ಇಲ್ಲೇ. ಆ ಗೆಳೆಯ ಸ್ಪರ್ಧಿಯ ಸಂಖ್ಯೆಯ ಬಿಬ್ ಇಲ್ಲದೆ, ಬೆವರಿಲ್ಲದೆ, ರಸ್ತೆ ಬದಿಯಿಂದ ಇಳಿದು 'ನಡಿ ಮಗಾ, ನಾನಿದೀನಿ' ಎಂದು ಜೊತೆಗೆ ಹೆಜ್ಜೆ ಹಾಕುವ ರೂಢಿಯೂ ನಮ್ಮ ಓಟಗಳಲ್ಲಿ ಬೆಳೆದಿದೆ. ಅದರ ಬಗ್ಗೆ ನನಗೆ ತಕರಾರಿದೆ.

ವರ್ಲ್ಡ್ ಅಥ್ಲೆಟಿಕ್ಸ್ ನಿಯಮದ ಪ್ರಕಾರ, ಅದೇ ಸ್ಪರ್ಧೆಯಲ್ಲಿ ಭಾಗವಹಿಸದವರು ಪೇಸ್ ಕೊಡುವುದು, ಅಂದರೆ ಜೊತೆಗೆ ಓಡಿ ವೇಗ ಹಿಡಿದಿಡುವುದು, ನಿಷಿದ್ಧ ನೆರವು. 'ಅದೆಲ್ಲ ಒಲಿಂಪಿಕ್ಸ್‌ಗೆ, ಇದು ಟ್ರೇಲ್, ಅಮೆರಿಕದಲ್ಲಿ ಬಿಡ್ತಾರಲ್ಲ' ಎಂಬ ಉತ್ತರ ಕೂಡಲೇ ಬರುತ್ತದೆ. ನಿಜ, ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ಓಟ ನೂರು ಮೈಲಿಯದು. 1974ರಲ್ಲಿ ಗಾರ್ಡಿ ಏನ್ಸ್‌ಲೀ ಎಂಬಾತ ಕುದುರೆಗಳ ರೇಸಿನಲ್ಲಿ ಕುದುರೆ ಇಲ್ಲದೆ ತನ್ನ ಕಾಲಿನಲ್ಲೇ ಓಡಿ, 23 ಗಂಟೆ 42 ನಿಮಿಷದಲ್ಲಿ ಮುಗಿಸಿದ್ದರಿಂದ ಹುಟ್ಟಿಕೊಂಡದ್ದು. ಅಲ್ಲಿ ಪೇಸರ್‌ಗೆ ಅವಕಾಶವಿರುವುದು ಸುಮಾರು ನೂರು ಕಿಲೋಮೀಟರ್ ದಾಟಿದ ಮೇಲೆ, ಫಾರೆಸ್ಟ್‌ಹಿಲ್ ಎಂಬ ಊರಿನಿಂದ. ಅಷ್ಟರಲ್ಲಿ ಹೆಚ್ಚಿನವರಿಗೆ ಕತ್ತಲಾಗುತ್ತಿರುತ್ತದೆ, ತಲೆ ಓಡುವುದಿಲ್ಲ, ದಾರಿ ತಪ್ಪಿದರೆ ಕಣಿವೆ. ಕೊಲರಾಡೋದ ಲೆಡ್‌ವಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓಟಗಾರನ ನೀರು, ಊಟ, ಜಾಕೆಟ್ಟನ್ನು ಪೇಸರ್ ಹೇಸರಗತ್ತೆಯಂತೆ ಹೊತ್ತು ಸಾಗಲು ಬಿಡುತ್ತದೆ. ಹೇಸರಗತ್ತೆಗಳು ಸರಕು ಹೊರುತ್ತಿದ್ದ ಹಳೆಯ ಗಣಿಯೂರು ಅದು, ಅವರಿಗೆ ಈ ಹೊರುವಿಕೆಯೂ ಒಂದು ಹೆಮ್ಮೆ. ಆಲ್ಪ್ಸ್‌ನಲ್ಲಿ ಮಾಂಟ್ ಬ್ಲಾಂಕ್ ಪರ್ವತ ಸುತ್ತುವ ಯುಟಿಎಂಬಿ ಓಟ ಮಾತ್ರ ಪೇಸರ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ರಾತ್ರಿಯೂ ಅಲ್ಲಿ ನಿನ್ನ ಕಾಲು, ನಿನ್ನ ಟಾರ್ಚು.

ಈಗ ನಮ್ಮ ನಾಲೆ ಏರಿಗೆ ಬನ್ನಿ. ಹಾಡಹಗಲು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ತಪ್ಪಿಸಿಕೊಳ್ಳುತ್ತೇನೆ ಎಂದರೂ ದಾರಿ ತಪ್ಪುವುದಿಲ್ಲ. ಹತ್ತುವ ಗುಡ್ಡವಿಲ್ಲ. ಪೇಸರ್ ಬೇಕೆನ್ನಲು ಅಮೆರಿಕದವರು ಕೊಡುವ ಕಾರಣಗಳಲ್ಲಿ ಒಂದೂ ಇಲ್ಲಿಗೆ ಹೊಂದುವುದಿಲ್ಲ. ಉಳಿಯುವುದು ಮನಸ್ಸು ಮಾತ್ರ. ಮನಸ್ಸಿಗೆ ಜೊತೆ ಬೇಕೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದಕ್ಕೆ ಬರುವವನೂ ಏನಾದರೂ ತೆರಬೇಕು. ಮೊದಲ ಹೆಜ್ಜೆಯಿಂದಲೇ ಬಿಬ್ ಕಟ್ಟಿಕೊಂಡು, ತನ್ನ ಟೈಮಿಂಗ್ ಬಿಟ್ಟುಕೊಟ್ಟು, ಗೆಳೆಯನ ವೇಗಕ್ಕೆ ತನ್ನನ್ನು ಇಳಿಸಿಕೊಂಡವನು ಪೇಸರ್. ಇಪ್ಪತ್ತೊಂದರಲ್ಲಿ ಸೇರಿಕೊಂಡವನು ವಾಕಿಂಗ್‌ಗೆ ಬಂದ ನೆಂಟ.

ಈ ಮಾತಿಗೆ ನನಗೆ ಸಿಗುವ ಒಳ್ಳೆಯ ಸಾಕ್ಷಿ ಆಕ್ಸ್‌ಫರ್ಡಿನದು. 1954ರ ಮೇ 6ರಂದು ಬ್ರಿಟನ್ನಿನ ಓಟಗಾರ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ ಮುಂದಿದ್ದು ದಾರಿ ಮಾಡಿದವರು ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ. ಇಬ್ಬರೂ ಅದೇ ಸ್ಪರ್ಧೆಯಲ್ಲಿದ್ದವರು, ಇಬ್ಬರೂ ಸಾಮಾನ್ಯರಲ್ಲ. ಬ್ರಾಷರ್ ಎರಡು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದ. ಮೊದಲ ಸುತ್ತಿನಲ್ಲೇ ಬ್ಯಾನಿಸ್ಟರ್ ಹಿಂದಿನಿಂದ 'ಇನ್ನೂ ಜೋರಾಗಿ' ಎಂದು ಕೂಗಿದ. ಬ್ರಾಷರ್ ಕಿವಿಗೆ ಹಾಕಿಕೊಳ್ಳಲಿಲ್ಲ, ವೇಗ ಬದಲಿಸಲಿಲ್ಲ. ಆ ಸುತ್ತು ಆಗಲೇ ಐವತ್ತೆಂಟು ಸೆಕೆಂಡಿನೊಳಗೆ ಮುಗಿಯುವುದರಲ್ಲಿತ್ತು. ಯಾರಿಗಾಗಿ ಓಡುತ್ತಿದ್ದೇವೋ ಅವನ ಮಾತನ್ನೇ ಮೀರುವ ಗಟ್ಟಿತನ ಪೇಸರ್‌ಗೆ ಬೇಕು. ಇದಕ್ಕೆ ತದ್ವಿರುದ್ಧವಾಗಿ, 2019ರಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆಗೆ 41 ಪೇಸರ್‌ಗಳು ಪಾಳಿಯ ಮೇಲೆ ಗಾಳಿ ತಡೆದು, ಮ್ಯಾರಥಾನನ್ನು 1:59:40ಕ್ಕೆ ಮುಗಿಸಿಕೊಟ್ಟರು. ನೋಡಲು ಅದ್ಭುತವಾಗಿತ್ತು, ಆದರೆ ಪೇಸರ್‌ಗಳು ನಡುವೆ ಬಂದುಹೋಗುತ್ತಿದ್ದುದರಿಂದ ದಾಖಲೆಯಾಗಲಿಲ್ಲ. ಸರಿಯಾಗಿಯೇ ಆಗಲಿಲ್ಲ ಎನ್ನುತ್ತೇನೆ.

ಗೆಳೆಯನಿಗೆ ಪೇಸ್ ಕೊಡುವವರಲ್ಲಿ ಕಾಣುವ ದೋಷಗಳಲ್ಲಿ ದೊಡ್ಡದು ಸುಳ್ಳು. 'ಇನ್ನೇನು ಬಂತು' ಎನ್ನುವುದು. ಓಡುವವನ ಕೈಯಲ್ಲೂ ಗಡಿಯಾರವಿದೆ, ಐದು ಕಿಲೋಮೀಟರ್ ಉಳಿದಿರುವುದು ಅವನಿಗೆ ಗೊತ್ತು. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಆಮೇಲೆ 'ನೀರು ಕುಡಿ' ಎಂದರೂ ನಂಬುವುದಿಲ್ಲ. ಇನ್ನೊಂದು ದೋಷ ಅರ್ಧ ಹೆಜ್ಜೆ ಮುಂದೆ ಓಡುವುದು. ಹುರಿದುಂಬಿಸುತ್ತಿದ್ದೇನೆ ಎಂದು ಪೇಸರ್ ಅಂದುಕೊಂಡಿರುತ್ತಾನೆ. ಹಿಂದಿನವನಿಗೆ ಅದು ಪ್ರತಿ ಹೆಜ್ಜೆಗೂ 'ನೀನು ನಿಧಾನ' ಎಂದು ಹೇಳಿದ ಹಾಗೆ. ಏರಿ ಅಗಲವಿದ್ದಲ್ಲಿ ಪಕ್ಕದಲ್ಲಿ, ಕಿರಿದಾದಲ್ಲಿ ಹಿಂದೆ ಇರಬೇಕು. ಮಾತೂ ಅಷ್ಟೆ. ಆಡಲು ಆಫೀಸಿನ ಚಾಡಿ ಸಾಕು, ತತ್ತ್ವಜ್ಞಾನ ಬೇಡ. ಮೂವತ್ತರ ನಂತರ ಪ್ರಶ್ನೆ ಕೇಳಲೇಬಾರದು. 'ಹೇಗಿದೆ?' ಎಂದರೆ ಅವನು ನೋವುಗಳನ್ನೆಲ್ಲ ಎಣಿಸಿ ಉತ್ತರ ಹುಡುಕಬೇಕಾಗುತ್ತದೆ. 'ಆ ತೆಂಗಿನಮರದ ತನಕ ಓಡು, ಆಮೇಲೆ ನಡೆ' ಎಂದು ಹೇಳಿದರೆ ಸಾಕು. ಚೆನ್ನಾಗಿ ಪೇಸ್ ಕೊಡುವವರು ಅಪ್ಪಣೆಯನ್ನು ಸಣ್ಣದಾಗಿ, ಸ್ಪಷ್ಟವಾಗಿ ಕೊಡುತ್ತಾರೆ. ಉಪ್ಪು, ನೀರು, ನಡಿಗೆ ಯಾವಾಗ ಎಂಬ ಲೆಕ್ಕ ತಾವು ಇಟ್ಟುಕೊಂಡು, ಓಡುವವನ ತಲೆಯಿಂದ ಅಷ್ಟು ಭಾರ ಇಳಿಸುತ್ತಾರೆ. ನಿಯಮ ಒಪ್ಪುವ ಹೇಸರಗತ್ತೆ ಕೆಲಸ ಇದೊಂದೇ.

ಹೀಗೆ ಸುಳ್ಳಿಲ್ಲದೆ ಪೇಸ್ ಕೊಡುವುದನ್ನು, ಕಾಸು ಕೊಟ್ಟು ಓಡುವ ಐಟಿಯವರಿಗಿಂತ ಚೆನ್ನಾಗಿ ಬಲ್ಲವರು ಬೂಕನಕೆರೆ, ಪಾಂಡವಪುರ, ನಾಗಮಂಗಲ ಕಡೆಯ ಹುಡುಗರು. ಪೊಲೀಸ್ ಕಾನ್ಸ್‌ಟೇಬಲ್ ನೇಮಕಾತಿಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಅಂದರೆ ಪ್ರತಿ 400 ಮೀಟರಿಗೆ ತೊಂಬತ್ತೇಳೂವರೆ ಸೆಕೆಂಡು. ಬೆಳಕು ಹರಿಯುವ ಮೊದಲೇ ರಸ್ತೆಗಿಳಿದವನ ಪಕ್ಕ ಗೆಳೆಯನೊಬ್ಬ ಬೈಕಿನಲ್ಲಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಸೆಕೆಂಡು ಕೂಗುತ್ತಾನೆ. ಪುಸಲಾಯಿಸುವುದಿಲ್ಲ. 'ಆಯ್ತು ಕಣ್ಲಾ, ನೂರಾ ಎರಡು' ಎನ್ನುತ್ತಾನೆ, ಅಷ್ಟೆ. ಸುಳ್ಳು ಹೇಳಿದರೆ ಹೋಗುವುದು ಪದಕವಲ್ಲ, ಕೆಲಸ. ಪರೀಕ್ಷೆಯ ಮೈದಾನಕ್ಕೆ ತಾನು ಹೋಗಲಾಗುವುದಿಲ್ಲ ಎಂಬುದೂ ಬೈಕಿನವನಿಗೆ ಗೊತ್ತು. ಆದ್ದರಿಂದ ಅವನು ಕಲಿಸುವುದು ತಾನಿಲ್ಲದಾಗಲೂ ಸುತ್ತಿನ ಲೆಕ್ಕ ತಪ್ಪದಿರುವುದನ್ನು. ಬೈಕಿನ ಹೊಗೆಯೊಂದನ್ನು ಬಿಟ್ಟರೆ ನನಗೆ ಈ ಪದ್ಧತಿಯಲ್ಲಿ ದೋಷ ಕಾಣುವುದಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಉದ್ದದ ಓಟಗಳ ಮಾತು ಬೇರೆ. ಅಲ್ಲಿ ಏರಿಳಿತವಿದೆ, ಮಳೆಯ ಜಾರುವಿಕೆಯಿದೆ, ಹಿಂದುಳಿದವರಿಗೆ ಕತ್ತಲೂ ಆಗಬಹುದು. ಅಂಥ ಕಡೆ ದೂರವನ್ನಲ್ಲ, ಸೂರ್ಯಾಸ್ತವನ್ನು ಗೆರೆಯಾಗಿಟ್ಟು, ಅಲ್ಲಿಂದ ಮುಂದಕ್ಕೆ ಹೆಸರು ನೋಂದಾಯಿಸಿದ ಒಬ್ಬ ಪೇಸರನ್ನು ಬಿಟ್ಟರೆ ತಪ್ಪಿಲ್ಲ. ಬಯಲಿನ ಹಗಲು ಓಟಕ್ಕೆ ಅದನ್ನು ತರಬೇಡಿ. ಇಪ್ಪತ್ತೊಂದರಲ್ಲಿ ಕಾದು ನಿಲ್ಲುವ ಗೆಳೆಯನಿಗೆ ಆಯೋಜಕರು ಮುಂದಿನ ವರ್ಷದ ನೋಂದಣಿಯ ಫಾರಂ ಕೊಡಲಿ. ಅಲ್ಲಿಯವರೆಗೆ ಅವನು ಏರಿಯ ಈಚೆ ನಿಂತು ಬೈದರೂ ಸಾಕು, ಕೂಗಿದರೂ ಸಾಕು. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.