ಮೀನನ್ನು ದಾಟಿ ನೋಡಿ: ಯೋನನ ಚಿತ್ರಗಳಿಗೊಂದು ಪ್ರವೇಶ

ಯೋನನ ಚಿತ್ರವೆಂದರೆ ಮೀನಿನ ಚಿತ್ರ ಎಂದೇ ಹೆಚ್ಚಿನವರ ಲೆಕ್ಕ. ಮೀನು ಅಷ್ಟು ದೊಡ್ಡದಾಗಿರುವಾಗ ಕಣ್ಣು ಮೊದಲು ಅಲ್ಲಿಗೆ ಹೋಗುವುದು ಸಹಜ. ಹೋದ ಕಣ್ಣು ಅಲ್ಲೇ ಕೂತುಬಿಡುತ್ತದೆ, ಅದೇ ತೊಂದರೆ. ಬೈಬಲಿನ ಯೋನನ ಪುಸ್ತಕದಲ್ಲಿ ಆ ಮೀನಿಗೆ ಸಿಕ್ಕಿರುವ ಜಾಗ ಎರಡು ಮೂರು ವಾಕ್ಯ ಮಾತ್ರ. ಕಥೆಯ ಜೀವ ಇರುವುದು ಬೇರೆಡೆ. ಈ ಚಿತ್ರಗಳನ್ನು ಸವಿಯಬೇಕೆಂದರೆ ಆ ಜೀವ ಎಲ್ಲಿದೆ ಎಂದು ಮೊದಲು ತಿಳಿದಿರಬೇಕು.

ನಾಲ್ಕು ಅಧ್ಯಾಯ, 48 ವಚನಗಳ ಸಣ್ಣ ಕಥೆ. ನಿನೆವೆ ಪಟ್ಟಣಕ್ಕೆ ಹೋಗಿ ಅಲ್ಲಿಯ ಜನರನ್ನು ಎಚ್ಚರಿಸು ಎಂದು ದೇವರು ಯೋನನಿಗೆ ಹೇಳುತ್ತಾನೆ. ನಿನೆವೆ ಇದ್ದದ್ದು ಪೂರ್ವಕ್ಕೆ, ಇಂದಿನ ಇರಾಕಿನ ಮೋಸುಲ್ ಇರುವಲ್ಲಿ. ಯೋನ ಯೊಪ್ಪದ ಬಂದರಿಗೆ ಹೋಗಿ, ದುಡ್ಡು ತೆತ್ತು, ಪಡುವಣಕ್ಕೆ ತಾರ್ಷೀಷಿನ ಕಡೆ ಹೊರಟ ಹಡಗು ಹತ್ತುತ್ತಾನೆ. ಬಿರುಗಾಳಿ ಏಳುತ್ತದೆ, ನಾವಿಕರು ಚೀಟಿ ಹಾಕುತ್ತಾರೆ, ಚೀಟಿ ಇವನ ಹೆಸರಿಗೇ ಬರುತ್ತದೆ. ಸಮುದ್ರಕ್ಕೆ ಎಸೆಯುತ್ತಾರೆ. ಮೂರು ಹಗಲು ಮೂರು ರಾತ್ರಿ ಮೀನಿನ ಹೊಟ್ಟೆಯಲ್ಲಿದ್ದು ಪ್ರಾರ್ಥಿಸಿದ ಮೇಲೆ ದಡ ಸೇರಿ, ಕೊನೆಗೂ ನಿನೆವೆಗೆ ಹೋಗಿ, ಇನ್ನು 40 ದಿನಕ್ಕೆ ಊರು ನಾಶ ಎಂದು ಸಾರುತ್ತಾನೆ. ಊರು ಪಶ್ಚಾತ್ತಾಪ ಪಡುತ್ತದೆ. ಅರಸ ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂರುತ್ತಾನೆ, ದನಕುರಿಗಳಿಗೂ ಉಪವಾಸ, ಅವಕ್ಕೂ ಗೋಣಿತಟ್ಟು. ದೇವರು ಮನಸ್ಸು ಬದಲಿಸಿ ಊರನ್ನು ಉಳಿಸುತ್ತಾನೆ.

ಸುಖಾಂತ್ಯ ಎಂದುಕೊಳ್ಳುವಷ್ಟರಲ್ಲಿ ಯೋನನಿಗೆ ಸಿಟ್ಟು ಬರುತ್ತದೆ. ನೀನು ಹೀಗೆ ಕರಗುವವನೆಂದು ಗೊತ್ತಿದ್ದೇ ನಾನು ಓಡಿಹೋದದ್ದು ಎಂದು ದೇವರನ್ನೇ ದೂರುತ್ತಾನೆ. ಊರಾಚೆ ಚಪ್ಪರ ಹಾಕಿಕೊಂಡು, ಏನಾಗುವುದೋ ನೋಡೋಣ ಎಂದು ಮುನಿಸಿಕೊಂಡು ಕೂರುತ್ತಾನೆ. ದೇವರು ಅವನ ತಲೆಯ ಮೇಲೆ ಸೋರೆಬಳ್ಳಿ ಹಬ್ಬಿಸುತ್ತಾನೆ, ಮರುದಿನ ಹುಳು ಬಿಟ್ಟು ಅದನ್ನು ಒಣಗಿಸುತ್ತಾನೆ. ಬಿಸಿಲಿಗೆ ಬೆಂದ ಯೋನ ಸಾಯುವುದೇ ಮೇಲು ಎನ್ನುತ್ತಾನೆ. ನೀನು ನೆಡದ, ಬೆಳೆಸದ ಒಂದು ಬಳ್ಳಿಗಾಗಿ ಇಷ್ಟು ಮರುಗುವೆಯಲ್ಲ, ಎಡ ಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದೆ ಎಂಬರ್ಥದ ಪ್ರಶ್ನೆಯನ್ನು ದೇವರು ಕೇಳುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಯೋನ ಏನೆಂದನೋ ಬರೆದಿಲ್ಲ.

ಅವಿಧೇಯತೆಯನ್ನು ಚಿತ್ರಿಸುವುದು ಸುಲಭ: ಹಡಗು, ಅಲೆ, ಬಾಯ್ದೆರೆದ ಪ್ರಾಣಿ. ಕರುಣೆ ಬಂದಿರುವುದು ಮಾತಿನ ರೂಪದಲ್ಲಿ, ಅದೂ ಒಂದು ಜಗಳದ ನಡುವೆ. ಅದನ್ನು ಬಣ್ಣದಲ್ಲಿ ಹೇಗೆ ತರುವುದು? ಯೋನನ ಯಾವ ಚಿತ್ರದ ಮುಂದೆ ನಿಂತರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಕಲಾವಿದ ಯಾವ ಗಳಿಗೆಯನ್ನು ಆರಿಸಿಕೊಂಡಿದ್ದಾನೆ? ಕರುಣೆಯನ್ನು ಎಲ್ಲಿಟ್ಟಿದ್ದಾನೆ?

ರೋಮಿನ ಹೊರವಲಯದ ನೆಲದಡಿಯ ಸಮಾಧಿಗಳಿಂದ ಆರಂಭಿಸಬೇಕು. ಪ್ರಿಸ್ಕಿಲ್ಲಾ, ಕಲ್ಲಿಸ್ಟಸ್ ಮೊದಲಾದ ಹೆಸರಿನ ಈ ಸುರಂಗಗಳಲ್ಲಿ ಮೂರನೆಯ ಶತಮಾನದಿಂದ ಆಚೆಗೆ ಕ್ರೈಸ್ತರು ಬರೆಸಿದ ಹಳೆಯ ಒಡಂಬಡಿಕೆಯ ಚಿತ್ರಗಳಲ್ಲಿ ಯೋನನಿಗೆ ಮೊದಲ ಸಾಲಿನಲ್ಲೇ ಜಾಗ. ಕಾರಣ ಸ್ಪಷ್ಟ. ಯೋನ ಮೂರು ದಿನ ಮೀನಿನೊಳಗಿದ್ದಂತೆ ತಾನೂ ಭೂಮಿಯೊಳಗಿರುವೆನೆಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಸತ್ತವರನ್ನು ಮಲಗಿಸುವ ಜಾಗಕ್ಕೆ ಇದಕ್ಕಿಂತ ಹೊಂದುವ ಕಥೆ ಬೇಡ.

ಅಲ್ಲಿ ಸಾಮಾನ್ಯವಾಗಿ ಮೂರು ದೃಶ್ಯ: ಎಸೆಯುವುದು, ಉಗುಳುವುದು, ಸೋರೆಬಳ್ಳಿಯ ಕೆಳಗೆ ಒರಗಿರುವುದು. ಮೀನು ನಮಗೆ ಗೊತ್ತಿರುವ ಮೀನಿನಂತಿಲ್ಲ. ಉದ್ದ ಕತ್ತು, ನಾಯಿಯದೋ ಡ್ರ್ಯಾಗನ್ನದೋ ಎನ್ನಿಸುವ ತಲೆ, ಸುರುಳಿ ಸುತ್ತಿದ ಬಾಲ. ಗ್ರೀಕರ ಪುರಾಣದ ಕಡಲರಕ್ಕಸನನ್ನೇ ರೋಮಿನ ಕೆಲಸಗಾರರು ಎತ್ತಿ ತಂದಿದ್ದಾರೆ. ಮೂರನೆಯ ದೃಶ್ಯದಲ್ಲಿ ಬತ್ತಲೆ ಯುವಕನೊಬ್ಬ ಒಂದು ಕೈಯನ್ನು ತಲೆಯ ಮೇಲೆ ಮಡಚಿಟ್ಟು ಹಾಯಾಗಿ ಮಲಗಿರುತ್ತಾನೆ. ಇದೂ ಎರವಲು. ಚಂದ್ರದೇವತೆ ಮೋಹಿಸಿದ, ಎಂದೂ ಎಚ್ಚರಗೊಳ್ಳದ ಎಂಡಿಮಿಯನ್ ಎಂಬ ಚೆಲುವನನ್ನು ರೋಮನ್ನರು ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಹೀಗೇ ಕೆತ್ತುತ್ತಿದ್ದರು. ಆ ಕೈಯ ಭಂಗಿ ಕಂಡರೆ ನೋಡುವವರಿಗೆ ನಿದ್ದೆ ಎಂದು ಗೊತ್ತಾಗುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಪುಸ್ತಕದ ಯೋನ ಬಳ್ಳಿಯ ಕೆಳಗೆ ಕುದಿಯುತ್ತಿದ್ದಾನೆ, ಚಿತ್ರದ ಯೋನ ಸುಖವಾಗಿ ನಿದ್ರಿಸುತ್ತಿದ್ದಾನೆ. ಹುಳುವೂ ಇಲ್ಲ, ಬಿಸಿಗಾಳಿಯೂ ಇಲ್ಲ. ಕೋಪದ ದೃಶ್ಯವನ್ನು ಶಾಂತರಸಕ್ಕೆ ತಿರುಗಿಸಿಬಿಟ್ಟಿದ್ದಾರೆ. ಆ ಸಮಾಧಿಗಳಲ್ಲಿ ಕರುಣೆ ಎಂದರೆ ನೆರಳು, ನಿದ್ದೆ, ದಡ. ಮಗುವನ್ನೋ ಗಂಡನನ್ನೋ ಅಲ್ಲಿ ಮಲಗಿಸಿ ಬಂದವರಿಗೆ ಬೇಕಾಗಿದ್ದದ್ದೂ ಅದೇ ಇರಬೇಕು. ಕಥೆಗೆ ಮಾಡಿದ ಮೋಸ ಎಂದು ಒಮ್ಮೊಮ್ಮೆ ನನಗನ್ನಿಸಿದರೂ ಅವರನ್ನು ತಪ್ಪೆನ್ನಲು ಮನಸ್ಸಾಗುವುದಿಲ್ಲ.

ವ್ಯಾಟಿಕನ್ ಸಂಗ್ರಹಾಲಯದಲ್ಲಿ ಮೂರನೆಯ ಶತಮಾನದ ಕೊನೆಯ ಒಂದು ಶವಪೆಟ್ಟಿಗೆಯಿದೆ, ಯೋನನ ಹೆಸರಿನಿಂದಲೇ ಪ್ರಸಿದ್ಧ. ಅದರ ಮೇಲೆ ಒಂದೇ ಕಡಲಿನಲ್ಲಿ ಒಂದು ಪ್ರಾಣಿ ನುಂಗುತ್ತಿದೆ, ಪಕ್ಕದಲ್ಲೇ ಇನ್ನೊಂದು ಉಗುಳುತ್ತಿದೆ. ಎರಡು ಪ್ರಾಣಿಗಳೇಕೆ ಎಂದು ಗಲಿಬಿಲಿ ಬೇಡ. ಹಳೇಬೀಡಿನ ಗೋಡೆಯ ರಾಮಾಯಣ ಪಟ್ಟಿಕೆಯಲ್ಲಿ ರಾಮ ಹೆಜ್ಜೆ ಹೆಜ್ಜೆಗೆ ಮತ್ತೆ ಕಾಣಿಸಿಕೊಳ್ಳುವಂತೆಯೇ ಇದು, ಪ್ರಾಣಿ ಒಂದೇ, ಗಳಿಗೆ ಎರಡು. ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಅದೇ ಕಾಲದ ನಾಲ್ಕು ಅಮೃತಶಿಲೆಯ ಯೋನರಿದ್ದಾರೆ. ಒಂದು ಮೊಳದ ಆಸುಪಾಸಿನ ಈ ಬಿಡಿ ಶಿಲ್ಪಗಳು ಇಂದಿನ ಟರ್ಕಿಯ ಕಡೆಯವು. ನುಂಗುವ ಶಿಲ್ಪದಲ್ಲಿ ಬಾಯಿಂದ ಕಾಲಷ್ಟೇ ಹೊರಗೆ. ಉಗುಳುವ ಶಿಲ್ಪದಲ್ಲಿ ಕೈ ಚಾಚಿಕೊಂಡು ಮನುಷ್ಯ ಚಿಮ್ಮುತ್ತಿದ್ದಾನೆ. ಇವೆರಡನ್ನು ಅಕ್ಕಪಕ್ಕ ಇಟ್ಟೇ ನೋಡಬೇಕು.

ಉತ್ತರ ಇಟಲಿಯ ಅಕ್ವಿಲೇಯಾ ಚರ್ಚಿನಲ್ಲಿ ನಾಲ್ಕನೆಯ ಶತಮಾನದ ಆರಂಭದ ಮೊಸಾಯಿಕ್ ನೆಲವಿದೆ. ಶತಮಾನಗಳ ಕಾಲ ಹೂತುಹೋಗಿದ್ದು 1909ರಲ್ಲಿ ಬೆಳಕಿಗೆ ಬಂತು. ಅಲ್ಲಿ ಯೋನನ ಸುತ್ತ ಎಷ್ಟು ಮೀನು, ಎಷ್ಟು ಬಾತು, ಗಾಳ ಹಾಕುವ ಎಷ್ಟು ರೆಕ್ಕೆಯ ಮಕ್ಕಳು ಎಂದರೆ ಪ್ರವಾದಿಯನ್ನೇ ಹುಡುಕಬೇಕಾಗುತ್ತದೆ. ಹುಡುಕಿ, ಅದೂ ಒಂದು ಸುಖ.

ಇನ್ನು ಮೈಕೆಲಾಂಜೆಲೊ. ಸಿಸ್ಟೀನ್ ಚಾಪೆಲಿನ ಚಾವಣಿಯನ್ನು ಆತ 1508ರಿಂದ 1512ರವರೆಗೆ ಬರೆದ. ಅದರ ಅಂಚಿನಲ್ಲಿ ಏಳು ಪ್ರವಾದಿಗಳು, ಐವರು ಸಿಬಿಲ್ ಎಂಬ ಭವಿಷ್ಯ ನುಡಿಯುವ ಹೆಂಗಸರು. ಎಲ್ಲರಿಗಿಂತ ಮುಖ್ಯವಾದ ಜಾಗ, ಅಂದರೆ ಬಲಿಪೀಠದ ನೇರ ಮೇಲೆ, ಕೊಟ್ಟಿರುವುದು ಮಾತು ಕೇಳದ ಯೋನನಿಗೆ. ಮಿಕ್ಕವರ ಬಳಿ ಪುಸ್ತಕವೋ ಸುರುಳಿಯೋ ಉಂಟು, ಇವನ ಬಳಿ ಅದೂ ಇಲ್ಲ. ಪಕ್ಕದಲ್ಲಿ ಮೀನು, ಆದರೆ ದೊಡ್ಡ ಸೈಜಿನ ಮೀನು ಅಷ್ಟೇ, ರಕ್ಕಸನಲ್ಲ. ಹಿಂದೆ ಎಲೆಗಳು.

ಅವನ ಮೈಯನ್ನು ನೋಡಿ. ಕಾಲು ನಮ್ಮ ಕಡೆಗೆ, ಎದೆ ಹಿಂದಕ್ಕೆ ವಾಲಿ, ಮುಖ ಮೇಲಕ್ಕೆ. ಗೋಡೆ ಅಲ್ಲಿ ನಮ್ಮ ಕಡೆಗೇ ಬಾಗಿ ಬರುತ್ತದೆ, ಹಿಂದಕ್ಕೆ ವಾಲಿದ ಎದೆ ವಾಸ್ತವದಲ್ಲಿ ನಮಗೆ ಹತ್ತಿರದ ಜಾಗದಲ್ಲಿದೆ. ಆದರೂ ದೂರ ಸರಿದಂತೆ ಕಾಣುತ್ತದೆ. ಮೈಕೆಲಾಂಜೆಲೊನ ಕಾಲದವರೇ ಇದಕ್ಕೆ ಬೆರಗಾಗಿದ್ದರು. ಇದು ಕೈಚಳಕವಷ್ಟೇ ಆಗಿದ್ದರೆ ನಾನಿಷ್ಟು ಹೇಳುತ್ತಿರಲಿಲ್ಲ. ಬೆರಳುಗಳನ್ನು ಗಮನಿಸಿ, ವಾದ ಮಾಡುವವನ ಬೆರಳುಗಳು. ಬಾಯಿ ಅರೆ ತೆರೆದಿದೆ. ಅವನು ನೋಡುತ್ತಿರುವ ಕಡೆ, ಚಾವಣಿಯ ನಡುವೆ, ದೇವರು ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸುತ್ತಿದ್ದಾನೆ. ಬೇರೆಯವರು ಬಿಟ್ಟ ಜಗಳವನ್ನು ಮೈಕೆಲಾಂಜೆಲೊ ಹಿಡಿದುಕೊಂಡಿದ್ದಾನೆ. ಆ ಹಿಂದಕ್ಕೆ ಬಾಗಿದ ಮೈಯಲ್ಲಿ ಹಟವೂ ಇದೆ, ಸೋಲುವ ಮುನ್ನಿನ ಬೆರಗೂ ಇದೆ. ನನ್ನ ಮಟ್ಟಿಗೆ ಯೋನನ ಚಿತ್ರಗಳಲ್ಲಿ ಇದನ್ನು ಮೀರಿದ್ದಿಲ್ಲ.

ಚಾವಣಿ ಸುಮಾರು 20 ಮೀಟರ್ ಎತ್ತರದಲ್ಲಿದೆ, ಕತ್ತು ನೋಯುತ್ತದೆ. ರೋಮಿಗೆ ಹೋಗಲಾಗದವರು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಹೋಗಿ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಅದರ ಗೋಡೆ, ಚಾವಣಿಗಳನ್ನು ತುಂಬಿಸಿದರು. ಯೋನನನ್ನು ಹುಡುಕಲು ಹೋಗಬೇಡಿ. ಚಾವಣಿಯ ಚಿತ್ರವನ್ನು ತಲೆಯೆತ್ತಿ ಓದುವ ಅಭ್ಯಾಸಕ್ಕೆ ಹೋಗಿ.

ಕುರಾನಿನಲ್ಲಿ ಇದೇ ಪ್ರವಾದಿ ಯೂನುಸ್, ಅಲ್ಲಿಯೂ ಸೋರೆಯ ಬಳ್ಳಿ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಸುಮಾರು 1400ರ ಇರಾನಿನ ಒಂದು ಹಾಳೆಯಿದೆ. ಹುರುಪೆ ಹುರುಪೆಯಾಗಿ ಬಿಡಿಸಿದ ಮೀನಿಗೆ ಚೀನಾದ ಚಿತ್ರಗಳ ಛಾಯೆ. ಅದರಿಂದ ಹೊರಬರುತ್ತಿರುವ ಯೂನುಸ್ ಬೆತ್ತಲೆ, ಮೇಲಿನಿಂದ ದೇವದೂತ ಬಟ್ಟೆ ಹಿಡಿದು ಇಳಿದಿದ್ದಾನೆ, ತಲೆಯ ಮೇಲೆ ಬಳ್ಳಿ ಆಗಲೇ ಹಬ್ಬಿದೆ. ಕಥೆಯಲ್ಲಿ ಒಂದಾದ ಮೇಲೊಂದು ಬರುವುದೆಲ್ಲ ಇಲ್ಲಿ ಒಟ್ಟಿಗೇ ನಡೆಯುತ್ತಿದೆ. ಕರುಣೆ ಎಲ್ಲಿ ಎಂದು ಯಾರೂ ತೋರಿಸಿಕೊಡಬೇಕಾಗಿಲ್ಲ, ಮೈ ಮುಚ್ಚಲು ಚಾಚಿದ ಆ ಬಟ್ಟೆಯೇ ಸಾಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಆಲ್ಬರ್ಟ್ ಪಿಂಕಮ್ ರೈಡರ್ ಬರೆದ ಯೋನ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದ್ದಾನೆ. ಅಲೆ, ದೋಣಿ, ಮೀನು ಎಲ್ಲ ಕಲಸಿಹೋಗಿ, ಮುಳುಗುವವನ ಕೈ ಕಷ್ಟಪಟ್ಟರೆ ಕಾಣುತ್ತದೆ. ಮೇಲೆ ಹೊಂಬೆಳಕಿನಲ್ಲಿ ದೇವರು. ರೈಡರ್ ಬಣ್ಣದ ಮೇಲೆ ಬಣ್ಣ ದಪ್ಪಗೆ ಬಳಿಯುತ್ತಿದ್ದವನು, ಅವನ ಚಿತ್ರಗಳು ಕಾಲಾಂತರದಲ್ಲಿ ಕಪ್ಪಿಟ್ಟು ಬಿರುಕುಬಿಟ್ಟಿವೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಬೇಕು.

ಉಳಿದಿರುವ ಒಂದು ಕೊರತೆ ಹೇಳಿಬಿಡುತ್ತೇನೆ. ಗೋಣಿತಟ್ಟು ಉಟ್ಟ ಹಸುಗಳು, ಬೂದಿಯಲ್ಲಿ ಕೂತ ಅರಸ, ಉಳಿದುಹೋದ ಊರು, ಇದೆಲ್ಲ ದೊಡ್ಡ ಕಲಾವಿದರ ಕೈಯಲ್ಲಿ ಅಪರೂಪ. ನೆದರ್‌ಲ್ಯಾಂಡಿನ ಮಾರ್ಟನ್ ವಾನ್ ಹೇಮ್ಸ್‌ಕೆರ್ಕ್ 1561ರಲ್ಲಿ ಬಳ್ಳಿಯ ಕೆಳಗೆ ಕೂತ ಯೋನನನ್ನೂ ಹಿಂದೆ ನಿನೆವೆಯನ್ನೂ ಬರೆದ. ಅಲ್ಲಿಯೂ ಮುಂದೆ ಇರುವುದು ಮುನಿದವನೇ, ಕ್ಷಮೆ ಸಿಕ್ಕವರು ದೂರದಲ್ಲಿ.

ಮೆಟ್ರೊಪಾಲಿಟನ್ ಮತ್ತು ಕ್ಲೀವ್‌ಲ್ಯಾಂಡ್ ಸಂಗ್ರಹಾಲಯಗಳು ತಮ್ಮ ಸಾವಿರಾರು ಕೃತಿಗಳ ದೊಡ್ಡ ಚಿತ್ರಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ. ಮೊದಲು ಯೋನನ ಪುಸ್ತಕವನ್ನು ಓದಿ, ಕನ್ನಡ ಬೈಬಲಿನಲ್ಲಿ ನಾಲ್ಕೈದು ಪುಟ ದಾಟುವುದಿಲ್ಲ. ಆಮೇಲೆ ಇರಾನಿನ ಹಾಳೆಯನ್ನು ತೆರೆದು, ಮೀನನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ನೋಡಲು ಶುರುಮಾಡಿ.